ಕರ್ನಲ್ ಪಾರ್ಕರರೂ ಕ್ವಿನ್ಸಿಯ ಶಾಲೆಗಳೂ

ಕೈಯಿಂದ ಮಾಡಿ ಕಲಿಯುವ ಶಿಕ್ಷಣವೆಂದೊಡನೆ ಹೇರಳವಾದ ಹಣ, ವಿಶಾಲವಾದ ತೋಟ, ಆರಿಸಿ ತಂದ ಹತ್ತಿಪ್ಪತ್ತು ಮಕ್ಕಳು ಇರುವ ಯಾವದೋ ಖಾಸಗೀ ವಿದ್ಯಾಲಯದ ಚಿತ್ರವು ನಮ್ಮ ವಾಚಕರಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವದು. ಆದರೆ ಅಮೇರಿಕೆಯಲ್ಲಿ ಈ ಪದ್ಧತಿಯು ದೇಶದ ಗಮನವನ್ನು ಸೆಳೆದದ್ದು ಕಲ್ಲುಗಣಿಗಳಿಗೆ ಹೆಸರಾದ ಒಂದು ಊರಿನಲ್ಲಿ. ಊರವರ ತೆರಿಗೆಯಿಂದ ನಡೆಯುತ್ತಿದ್ದ ಸಾರ್ವಜನಿಕ ಶಾಲೆಗಳಲ್ಲಿ. ಸಾಮಾನ್ಯ ಸಂಬಳದ ಶಿಕ್ಷಕಿಯರ ಕೈಯಲ್ಲಿ. ಆ ಕಾರ್ಯದ ಮುಂದಾಳು ಫ್ರಾನ್ಸಿಸ್ ವೇಲ್ಯಾಂಡ್ ಪಾರ್ಕರರು. ಹೊಸ ಶಿಕ್ಷಣದ ಜನಕರೆಂದು ಒಬ್ಬರನ್ನು ಹೆಸರಿಸುವದಾದರೆ ಆ ಮಾನವು ಎಲ್ಲರಿಗಿಂತ ಹೆಚ್ಚಾಗಿ ಇವರಿಗೇ ಸಲ್ಲತಕ್ಕದ್ದೆಂದು ಜಾನ್ ಡ್ಯೂಯಿಯವರಂಥ ತತ್ತ್ವಜ್ಞರು ಒಪ್ಪಿದ್ದಾರೆ.

ಪಾರ್ಕರರು ಹುಟ್ಟಿದ್ದು ೧೮೩೭ರಲ್ಲಿ, ನ್ಯೂ ಹ್ಯಾಂಪ್‌ಶೈರ್ ಪ್ರಾಂತದ ಬೆಡ್‌ಫರ್ಡಿನಲ್ಲಿ. ಆರನೆಯ ವಯಸ್ಸಿಗೆ ತಂದೆಯು ತೀರಿಕೊಂಡನು. ಎಂಟನೆಯ ವಯಸ್ಸಿಗೆ ಹುಡುಗನನ್ನು ಒಬ್ಬ ರೈತನ ಮನೆಯಲ್ಲಿ ಕೆಲಸಕ್ಕೆ ಕಟ್ಟಿದರು. ಚಳಿಗಾಲದ ಕೆಲವು ವಾರಗಳು ಮಾತ್ರ ಶಾಲೆ. ಉಳಿದ ದಿನವೆಲ್ಲ ಹೊಲ, ಕೊಟ್ಟಿಗೆ, ಕಾಡು. ತಮಗೆ ದೊರೆತ ನಿಜವಾದ ಶಾಲೆಯು ಆ ಹೊಲವೇ ಎಂದು ಮುಂದೆ ಅವರು ಹೇಳಿಕೊಳ್ಳುತ್ತಿದ್ದರು. ಬಡತನವನ್ನು ಹೀಗೆ ಹೊಗಳುವ ಮಾತುಗಳನ್ನು ನಾವು ಸಾಮಾನ್ಯವಾಗಿ ನಂಬುವದಿಲ್ಲ. ಆದರೆ ಪಾರ್ಕರರ ವಿಷಯದಲ್ಲಿ ನಂಬಬೇಕಾಗಿದೆ; ಏಕೆಂದರೆ ಗಿಡ, ಮಣ್ಣು, ಮಳೆ, ಕಲ್ಲುಗಳೇ ಅವರ ಶಾಲೆಗಳಲ್ಲಿ ಮುಂದೆ ಪಠ್ಯಪುಸ್ತಕದ ಸ್ಥಾನದಲ್ಲಿ ಕುಳಿತವು.

ಹದಿನಾರನೆಯ ವಯಸ್ಸಿಗೆ ಹಳ್ಳಿಯ ಮಾಸ್ತರರಾದರು. ೧೮೬೧ರಲ್ಲಿ ಅಂತರ್ಯುದ್ಧವು ಹೊತ್ತಿಕೊಳ್ಳಲು ಸೈನ್ಯವನ್ನು ಸೇರಿದರು. ೧೮೬೪ರಲ್ಲಿ ವರ್ಜೀನಿಯಾದಲ್ಲಿ ಗುಂಡು ಕೊರಳಿಗೆ ತಗಲಿ, ಅವರ ದನಿಯು ಜನ್ಮವಿಡೀ ಒಡೆದೇ ಉಳಿಯಿತು. ಲೆಫ್ಟೆನೆಂಟ್ ಕರ್ನಲ್ ಪದವಿಯೊಡನೆ ಮರಳಿದ ಅವರು ಮತ್ತೆ ಶಾಲೆಗೇ ಬಂದರು. ೧೮೭೨ರಲ್ಲಿ, ಸೋದರತ್ತೆಯೊಬ್ಬಳು ಬಿಟ್ಟುಹೋದ ಹಣದಿಂದ ಜರ್ಮನಿಗೆ ಹೋಗಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಓದಿದರು; ಪೆಸ್ಟಾಲೊಜಿ, ಫ್ರೋಬೆಲ್, ಹರ್ಬಾರ್ಟ್ ಇವರ ವಿಚಾರಗಳನ್ನು ಅರಗಿಸಿಕೊಂಡರು.

ಇತ್ತ ಮ್ಯಾಸಚೂಸೆಟ್ಸಿನ ಕ್ವಿನ್ಸಿ ಊರಿನಲ್ಲಿ ಒಂದು ಕೌತುಕವು ನಡೆದಿತ್ತು. ೧೮೭೩ರಲ್ಲಿ ಶಾಲಾ ಸಮಿತಿಯವರು ಪರೀಕ್ಷೆಯ ಕೆಲಸವನ್ನು ಶಿಕ್ಷಕರಿಗೆ ಬಿಡದೆ ತಾವೇ ನಡೆಸಿದರು. ವ್ಯಾಕರಣದ ಸೂತ್ರಗಳನ್ನು ತಡವಿಲ್ಲದೆ ಒಪ್ಪಿಸುತ್ತಿದ್ದ ಮಕ್ಕಳಿಗೆ ಒಂದು ಸಾದಾ ಪತ್ರವನ್ನು ಬರೆಯಲು ಬರಲಿಲ್ಲ. ತಮ್ಮ ಪಾಠದ ಪುಸ್ತಕವನ್ನು ಸರಾಗವಾಗಿ ಓದುತ್ತಿದ್ದವರು ಕಾಣದ ಪುಸ್ತಕವನ್ನು ಕೈಗೆ ಕೊಟ್ಟರೆ ತಡವರಿಸಿದರು. ಸಮಿತಿಯಲ್ಲಿದ್ದ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸರು ಇಬ್ಬರು ರಾಷ್ಟ್ರಾಧ್ಯಕ್ಷರ ವಂಶದವರು, ಪ್ರಾಂತದ ರೇಲ್ವೆ ಕಮೀಶನರು, ಲೆಕ್ಕದ ಮನುಷ್ಯರು. ಊರಿನ ಹಣವು ಪೋಲಾಗುತ್ತಿರುವದೆಂದು ಅವರಿಗೆ ಮನವರಿಕೆಯಾಯಿತು. ಸಮಿತಿಯು ತನ್ನ ಅಧಿಕಾರದ ಬಹುಭಾಗವನ್ನು ಬಿಟ್ಟುಕೊಟ್ಟು, ತಿಳಿದವನೊಬ್ಬನನ್ನು ನೇಮಿಸಿ ಅವನ ಕೈಗಳನ್ನು ಬಿಚ್ಚಿಡಲು ಒಪ್ಪಿತು. ಸಮಿತಿಗಳ ಇತಿಹಾಸದಲ್ಲಿ ಇಂಥ ಉದಾಹರಣೆಗಳು ವಿರಳವೆಂದು ನಾವು ಬೇರೆ ಹೇಳಬೇಕಾಗಿಲ್ಲ. ೧೮೭೫ರಲ್ಲಿ ಪಾರ್ಕರರು ಅಲ್ಲಿಯ ಶಾಲೆಗಳ ಮೇಲ್ವಿಚಾರಕರಾದರು.

ಗೊತ್ತುಮಾಡಿಟ್ಟ ಪಾಠಕ್ರಮವು ಮೊದಲು ಹೋಯಿತು. ಅದರ ಬೆನ್ನಿಗೇ ಕಾಗುಣಿತದ ಹೊತ್ತಗೆ, ವ್ಯಾಕರಣ, ಕಾಪಿ ಪುಸ್ತಕ. ಮಕ್ಕಳು ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡದೆ, ತಾವು ಆಡಿದ ಮಾತನ್ನೇ ಹಲಗೆಯ ಮೇಲೆ ಕಂಡು ಓದಿದರು. ಬಳಿಕ ವೃತ್ತಪತ್ರಿಕೆ, ಮಾಸಪತ್ರಿಕೆಗಳನ್ನು ಓದಿದರು. ಲೆಕ್ಕವು ಕೈಗೆ ಸಿಗುವ ವಸ್ತುಗಳಿಂದ ಆರಂಭವಾಯಿತು. ಭೂಗೋಳವನ್ನು ಕಲಿಯಲು ಮಕ್ಕಳು ಊರ ಸುತ್ತಲಿನ ಗುಡ್ಡ ಹಳ್ಳಗಳನ್ನು ನೋಡಿಬಂದು ಮರಳಿನಲ್ಲಿಯೂ ಜೇಡಿಮಣ್ಣಿನಲ್ಲಿಯೂ ಅವುಗಳನ್ನು ಮೂಡಿಸಿದರು. ಗುಡ್ಡವನ್ನು ಕೈಯಾರೆ ಕಟ್ಟಿ, ನೀರು ಎತ್ತ ಹರಿಯುವದೆಂದು ಕಂಡುಕೊಂಡ ಹುಡುಗನಿಗೆ ನಕಾಶೆಯ ಗೆರೆಯು ಬರಿಯ ಗೆರೆಯಾಗಿ ಉಳಿಯುವದಿಲ್ಲವಷ್ಟೆ. ಗದ್ದಲವಾಯಿತು, ನೆಲ ಹೊಲಸಾಯಿತು. ಶಾಲೆಯೆಂದರೆ ಮೌನವೆಂದು ತಿಳಿದವರು ಮೂಗು ಮುರಿದರು. ಆದರೂ ಈ ಸೋಜಿಗವನ್ನು ನೋಡಲು ದೇಶದ ನಾನಾ ಕಡೆಗಳಿಂದ ಸಾವಿರಾರು ಜನರು ಬಂದರು. ಪಾರ್ಕರರು ಮಾತ್ರ ಇದರಲ್ಲಿ ಹೊಸತೇನೂ ಇಲ್ಲವೆಂದೇ ಸಾಧಿಸಿದರು.

ಸಂಶಯಪಟ್ಟವರ ಬಾಯಿಯನ್ನು ೧೮೭೯ರ ಪರೀಕ್ಷೆಯು ಕಟ್ಟಿತು. ಪ್ರಾಂತದ ಶಿಕ್ಷಣಮಂಡಲವು ಆ ಜಿಲ್ಲೆಯ ಶಾಲೆಗಳನ್ನು ತಾನೇ ತೂಗಿ ನೋಡಲು, ಓದು, ಬರಹ, ಕಾಗುಣಿತಗಳಲ್ಲಿ ಕ್ವಿನ್ಸಿಯ ಮಕ್ಕಳು ಮುಂದಿದ್ದರು. ಗಣಿತದಲ್ಲಿ ಮಾತ್ರ ಜಿಲ್ಲೆಯಲ್ಲಿ ನಾಲ್ಕನೆಯ ಸ್ಥಾನ. ಹೊಸ ಪದ್ಧತಿಯ ಭಕ್ತರು ಈ ನಾಲ್ಕನೆಯ ಸ್ಥಾನವನ್ನು ಎತ್ತಿ ಆಡುವದು ಕಡಿಮೆ. ಲೆಕ್ಕವನ್ನು ಪೂರ್ತಿಯಾಗಿ ಇಡುವದೇ ಲೇಸೆಂದು ನಮ್ಮ ಮತ. ಕೀರ್ತಿಯು ಇನ್ನೊಂದು ತೊಂದರೆಯನ್ನೂ ತಂದಿತು. ಕ್ವಿನ್ಸಿಯಲ್ಲಿ ತಯಾರಾದ ಶಿಕ್ಷಕಿಯರನ್ನು ಬೇರೆ ಊರಿನವರು ಹೆಚ್ಚಿನ ಸಂಬಳದ ಆಶೆ ತೋರಿಸಿ ಎಳೆದುಕೊಂಡು ಹೋದರು. ೧೮೮೦ರಲ್ಲಿ ಪಾರ್ಕರರೂ ಬಾಸ್ಟನ್ನಿಗೆ ಹೋದರು. ಅಲ್ಲಿ ಅವರಿಗೆ ಅಷ್ಟು ಸ್ವಾತಂತ್ರ್ಯವಿರಲಿಲ್ಲ. ಬಹುಕಾಲ ನಿಲ್ಲಲೂ ಇಲ್ಲ.

೧೮೮೩ರಿಂದ ೧೮೯೯ರ ವರೆಗಿನ ದೀರ್ಘಕಾಲವನ್ನು ಅವರು ಕಳೆದದ್ದು ಚಿಕಾಗೋದ ಕುಕ್ ಕೌಂಟಿ ನಾರ್ಮಲ್ ಶಾಲೆಯಲ್ಲಿ. ಶಿಕ್ಷಕರನ್ನು ತಯಾರಿಸದೆ ಪದ್ಧತಿಯು ಬಾಳದೆಂಬದನ್ನು ಕ್ವಿನ್ಸಿಯು ಕಲಿಸಿತ್ತು. ನಾರ್ಮಲ್ ಶಾಲೆಗೆ ಹೊಂದಿಕೊಂಡ ಅಭ್ಯಾಸಶಾಲೆಯ ಮಕ್ಕಳು ಹೊಲಗಳಲ್ಲಿಯೂ ಮಿಶಿಗನ್ ಸರೋವರದ ದಂಡೆಯಲ್ಲಿಯೂ ಅಲೆದಾಡಿ, ಕಂಡದ್ದನ್ನು ಚಿತ್ರಿಸಿ, ಬರೆದರು. ಅವರು ಬರೆದದ್ದೇ ಅಚ್ಚಾಗಿ ಅವರ ಓದಿನ ಪಾಠವಾಯಿತು. ವಿಜ್ಞಾನಕ್ಕೆ ಬೇಕಾದ ಉಪಕರಣಗಳನ್ನು ಬಡಗಿಯ ಕೆಲಸದಲ್ಲಿ ತಾವೇ ಮಾಡಿಕೊಂಡರು. ಅಳತೆಯ ಗಣಿತವು ಆ ಕೆಲಸದೊಳಗಿಂದಲೇ ಹುಟ್ಟಿತು. ೧೮೯೨ರಲ್ಲಿ ೩೬ ಪಟ್ಟಣಗಳ ಶಾಲೆಗಳನ್ನು ಸುತ್ತಿ ಹೆಚ್ಚಿನ ಕಡೆ ಬೇಸತ್ತ ಡಾಕ್ಟರ್ ಜೋಸೆಫ್ ರೈಸರು ಇಲ್ಲಿ ಮೆಚ್ಚಿಕೊಂಡರು. ಡ್ಯೂಯಿಯವರು ತಮ್ಮ ಮಕ್ಕಳನ್ನು ಇಲ್ಲಿಗೇ ಕಳುಹಿಸಿದರು.

ಇಷ್ಟಾದರೂ ಕೌಂಟಿಯ ರಾಜಕಾರಣಿಗಳೊಡನೆ ಕಾದಾಟವು ತಪ್ಪಲಿಲ್ಲ. ಶಾಲೆಯ ಹಣ, ಕರ್ನಲರ ಸ್ಥಾನ ಎರಡೂ ಮತ್ತೆ ಮತ್ತೆ ತೂಗುಯ್ಯಾಲೆಗೆ ಏರುತ್ತಿದ್ದವು. ಅವರ ನೇರವಾದ ಒರಟು ಮಾತು ಶತ್ರುಗಳನ್ನು ಕಡಿಮೆ ಮಾಡುವಂಥದಾಗಿರಲಿಲ್ಲ. ಕೊನೆಗೆ ೧೮೯೯ರಲ್ಲಿ, ಕೊಯ್ಲುಯಂತ್ರದ ಮೆಕಾರ್ಮಿಕರ ಮಗಳಾದ ಅನಿಟಾ ಬ್ಲೇನ್ ಎಂಬ ಶ್ರೀಮಂತ ಮಹಿಳೆಯು ಅಪಾರವಾದ ಹಣವನ್ನು ಕೊಟ್ಟು, ರಾಜಕಾರಣದ ಕಾಟವಿಲ್ಲದ ಖಾಸಗೀ ಸಂಸ್ಥೆಯೊಂದನ್ನು ಅವರಿಗಾಗಿ ಸ್ಥಾಪಿಸಿದಳು. ಅರವತ್ತು ದಾಟಿದ ದಣಿದ ಮನುಷ್ಯನು ಅದನ್ನು ಒಪ್ಪಿಕೊಂಡದ್ದನ್ನು ನಾವು ತಪ್ಪೆಂದು ಹೇಳಲಾರೆವು. ಆದರೆ ಸಾಮಾನ್ಯರ ಮಕ್ಕಳಿಗಾಗಿಯೇ ಜೀವ ತೇಯ್ದವರು ಸಾಮಾನ್ಯರ ಶಾಲೆಯನ್ನು ಬಿಟ್ಟುಹೋಗಬೇಕಾಯಿತು; ಅದಕ್ಕೆ ಹೊಣೆಯು ಅವರದಲ್ಲ.

೧೯೦೧ರಲ್ಲಿ ಆ ಸಂಸ್ಥೆಯು ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಸೇರಿತು. ೧೯೦೨ರ ಮಾರ್ಚಿ ೨ರಂದು ಪಾರ್ಕರರು ಮಿಸಿಸಿಪ್ಪಿ ಪ್ರಾಂತದಲ್ಲಿ ತೀರಿಕೊಳ್ಳಲು, ಅವರ ಸ್ಥಾನಕ್ಕೆ ಡ್ಯೂಯಿಯವರು ಬಂದರು. ಪಾರ್ಕರರ ಹೆಸರನ್ನು ಹೊತ್ತ ಶಾಲೆಯು ಚಿಕಾಗೋದಲ್ಲಿ ಇಂದಿಗೂ ನಡೆಯುತ್ತಿದೆ. ಅದು ಶುಲ್ಕ ಕೊಟ್ಟು ಓದುವ ಖಾಸಗೀ ಶಾಲೆ.