ಮತಪೆಟ್ಟಿಗೆಯ ಮುಂದೆ ಹಾರ್ವೆ ಮಿಲ್ಕ್

1978ರ ನವೆಂಬರ್ 7ರಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು ಗವರ್ನರ್‌ ಆಯ್ಕೆಯ ಜೊತೆಗೆ ಇನ್ನೊಂದು ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾಗಿತ್ತು. ಸಲಿಂಗಕಾಮಿಗಳಾದ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆದುಹಾಕಬೇಕೆ, ಬೇಡವೆ ಎಂಬುದು ಆ ಪ್ರಶ್ನೆ. ಕಾನೂನೊಂದನ್ನು ಹೀಗೆ ನೇರವಾಗಿ ಜನರ ಮತಕ್ಕಿಡುವ ಏರ್ಪಾಡು ನಮ್ಮ ಸಂವಿಧಾನದಲ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು 1911ರಿಂದಲೂ ಇದೆ. ನಿಗದಿತ ಸಂಖ್ಯೆಯ ಸಹಿಗಳನ್ನು ಸಂಗ್ರಹಿಸಿದವರು ಮಸೂದೆಯೊಂದನ್ನು ಮತಪತ್ರಕ್ಕೆ ಏರಿಸಬಹುದು. ರೈಲ್ವೆ ಕಂಪನಿಯ ಹಿಡಿತದಿಂದ ರಾಜ್ಯದ ಆಡಳಿತವನ್ನು ಬಿಡಿಸಲೆಂದು ಬಂದ ಈ ಹಕ್ಕು, ಕಾಲಾಂತರದಲ್ಲಿ ಕೆಲವೇ ಜನರ ಬದುಕನ್ನು ಬಹುಜನರ ತೀರ್ಪಿಗೆ ಒಪ್ಪಿಸುವ ಸಾಧನವೂ ಆಯಿತು. ಆ ವರ್ಷದ ಪ್ರಸ್ತಾವವನ್ನು ಎದುರಿಸಿ ನಿಂತವರಲ್ಲಿ ಮುಂಚೂಣಿಯ ಹೆಸರು ಹಾರ್ವೆ ಮಿಲ್ಕ್.

ಮಿಲ್ಕ್ ಹುಟ್ಟಿದ್ದು 1930ರ ಮೇ 22ರಂದು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ವುಡ್‌ಮಿಯರ್‌ನಲ್ಲಿ. ಲಿಥುವೇನಿಯಾ ಮೂಲದ ಯಹೂದಿ ಕುಟುಂಬ. ತಾತನದು ದೊಡ್ಡ ಅಂಗಡಿಯ ವ್ಯಾಪಾರ. ಆಲ್ಬನಿಯ ಶಿಕ್ಷಕರ ಕಾಲೇಜಿನಲ್ಲಿ ಗಣಿತ ಓದಿ 1951ರಲ್ಲಿ ಪದವಿ ಪಡೆದು ನೌಕಾಪಡೆ ಸೇರಿದರು. ಜಲಾಂತರ್ಗಾಮಿಗಳ ರಕ್ಷಣೆಗೆಂದಿದ್ದ ಹಡಗಿನಲ್ಲಿ ಮುಳುಗುಗಾರಿಕೆಯ ಅಧಿಕಾರಿಯಾಗಿದ್ದವರು ಸಲಿಂಗಕಾಮದ ವಿಚಾರಣೆಗೆ ಗುರಿಯಾಗಿ 1955ರಲ್ಲಿ ಹುದ್ದೆ ಬಿಡಬೇಕಾಯಿತು. ಆಮೇಲೆ ಲಾಂಗ್ ಐಲೆಂಡಿನ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳಿದರು. ಇಪ್ಪತ್ತು ವರ್ಷಗಳ ಬಳಿಕ ಯಾವ ಶಿಕ್ಷಕರ ಅನ್ನದ ಪ್ರಶ್ನೆ ಮತಪತ್ರಕ್ಕೆ ಬಂದಿತೋ ಅಂಥವರಲ್ಲಿ ಒಬ್ಬರಾಗಿ ಅವರೂ ಒಂದು ಕಾಲಕ್ಕೆ ಬಾಳಿದ್ದರು, ಗುಟ್ಟನ್ನು ಕಾಪಾಡಿಕೊಂಡು.

ನಂತರದ್ದು ಅಲೆದಾಟದ ಕಾಲ. ವಿಮಾ ಕಚೇರಿ, ವಾಲ್‌ಸ್ಟ್ರೀಟ್‌ನ ಷೇರು ಸಂಸ್ಥೆ, ಬ್ರಾಡ್‌ವೇ ನಾಟಕರಂಗ. 1964ರಲ್ಲಿ ಕಟ್ಟಾ ಸಂಪ್ರದಾಯವಾದಿ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರ ಪ್ರಚಾರ ಮಾಡಿದ್ದರೆಂದರೆ ಇಂದು ನಂಬುವುದು ಕಷ್ಟ. ನಲವತ್ತು ದಾಟಿದ ಮೇಲೆ ಸಂಗಾತಿ ಸ್ಕಾಟ್ ಸ್ಮಿತ್ ಜೊತೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದು, 1973ರಲ್ಲಿ ಕ್ಯಾಸ್ಟ್ರೋ ಬೀದಿಯಲ್ಲಿ ಒಂದು ಕ್ಯಾಮೆರಾ ಅಂಗಡಿ ತೆರೆದರು. ಅಂಗಡಿ ಲಾಭ ಕಂಡದ್ದಕ್ಕಿಂತ ಹರಟೆ ಕಂಡದ್ದೇ ಹೆಚ್ಚು. ಬಲುಬೇಗ ಅದು ಆ ಬಡಾವಣೆಯ ರಾಜಕೀಯ ಕಚೇರಿಯಾಗಿ ಮಾರ್ಪಟ್ಟಿತು.

ಅದೇ ವರ್ಷ ಅವರು ನಗರಾಡಳಿತ ಮಂಡಳಿಗೆ ಸ್ಪರ್ಧಿಸಿ ಸೋತರು. ಉದ್ದ ಕೂದಲು ಕತ್ತರಿಸಿ, ಸೂಟು ತೊಟ್ಟು 1975ರಲ್ಲಿ ಮತ್ತೆ ನಿಂತರು. ಆರಿಸಬೇಕಾದದ್ದು ಆರು ಮಂದಿಯನ್ನು, ಮಿಲ್ಕ್ ಏಳನೆಯವರಾದರು. 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತರು. ಅವರ ದಾರಿ ತೆರೆದದ್ದು ಒಂದು ಜನಮತಗಣನೆಯೇ ಎಂಬುದು ಗಮನಾರ್ಹ. ಇಡೀ ನಗರವೇ ಒಂದು ಕ್ಷೇತ್ರವಾಗಿದ್ದ ಪದ್ಧತಿಯನ್ನು ಬಿಟ್ಟು ವಾರ್ಡುವಾರು ಆಯ್ಕೆ ನಡೆಸಬೇಕೆಂದು 1976ರ ನವೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಮತದಾರರು ನಿರ್ಧರಿಸಿದರು. ಮರುವರ್ಷ ಐದನೆಯ ವಾರ್ಡಿನಿಂದ ಮಿಲ್ಕ್ ಗೆದ್ದರು. ತಾನು ಸಲಿಂಗಕಾಮಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ಚುನಾಯಿತ ಹುದ್ದೆಗೇರಿದ ಮೊದಲ ವ್ಯಕ್ತಿ ಅವರು.

ಆದರೆ ಅಷ್ಟರಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ಗಾಳಿ ಬೇರೆಯಾಗಿ ಬೀಸತೊಡಗಿತ್ತು. ಫ್ಲಾರಿಡಾದ ಮಯಾಮಿ ಇರುವ ಡೇಡ್ ಕೌಂಟಿ 1977ರ ಜನವರಿಯಲ್ಲಿ ಸಲಿಂಗಕಾಮಿಗಳ ವಿರುದ್ಧ ಉದ್ಯೋಗ, ವಸತಿಗಳಲ್ಲಿ ತಾರತಮ್ಯ ಕೂಡದೆಂಬ ನಿಯಮ ಮಾಡಿತ್ತು. ಕಿತ್ತಳೆ ರಸದ ಜಾಹೀರಾತುಗಳಿಂದ ಮನೆಮಾತಾಗಿದ್ದ ಗಾಯಕಿ ಅನಿತಾ ಬ್ರಯಂಟ್, ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಇದರ ವಿರುದ್ಧ ಆಂದೋಲನ ಹೂಡಿದರು. ಜೂನ್ 7ರ ಜನಮತಗಣನೆಯಲ್ಲಿ ಸುಮಾರು ಶೇ. 70 ಮತಗಳಿಂದ ನಿಯಮ ರದ್ದಾಯಿತು. ಮರುದಿನವೇ ಸಲಿಂಗಕಾಮಿಗಳು ಮಕ್ಕಳನ್ನು ದತ್ತು ಪಡೆಯುವುದನ್ನು ನಿಷೇಧಿಸುವ ರಾಜ್ಯ ಕಾನೂನಿಗೆ ಫ್ಲಾರಿಡಾ ಗವರ್ನರ್ ಅಂಕಿತ ಹಾಕಿದರು. ಅದು 2010ರಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಗುವವರೆಗೂ ಜಾರಿಯಲ್ಲಿತ್ತು. ಕ್ಯಾಲಿಫೋರ್ನಿಯಾ ಕೂಡ ಹಿಂದೆ ಬೀಳಲಿಲ್ಲ: ಮದುವೆಯೆಂದರೆ ಒಬ್ಬ ಗಂಡು, ಒಬ್ಬ ಹೆಣ್ಣಿನ ನಡುವಿನದು ಎಂದು ಅದೇ 1977ರಲ್ಲಿ ತನ್ನ ಕಾನೂನನ್ನು ತಿದ್ದಿಕೊಂಡಿತು. 1978ರಲ್ಲಿ ಸೇಂಟ್ ಪಾಲ್, ವಿಚಿಟಾ, ಯೂಜೀನ್ ನಗರಗಳಲ್ಲಿ ಸಾಲಾಗಿ ಮತದಾನ ನಡೆದು, ರಕ್ಷಣೆಯ ನಿಯಮಗಳೆಲ್ಲ ಉರುಳಿದವು.

ಮಯಾಮಿಯ ಗೆಲುವನ್ನು ಕಣ್ಣಾರೆ ಕಂಡು ಬಂದವರಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಬ್ರಿಗ್ಸ್ ಒಬ್ಬರು. ಸಹಿ ಸಂಗ್ರಹಿಸಿ ಆರನೆಯ ಪ್ರಸ್ತಾವವನ್ನು ಮತಪತ್ರಕ್ಕೆ ತಂದವರು ಅವರೇ. ಶರತ್ಕಾಲದ ಆರಂಭದ ಸಮೀಕ್ಷೆಗಳಲ್ಲಿ ಪ್ರಸ್ತಾವದ ಪರವಾಗಿದ್ದವರು ವಿರೋಧಿಗಳ ಸುಮಾರು ಎರಡರಷ್ಟಿದ್ದರು.

ಇಲ್ಲಿ ಮಿಲ್ಕ್ ಅವರಿಗೆ ಎದುರಾದ ಇಕ್ಕಟ್ಟು ಸಣ್ಣದಲ್ಲ. ಒಬ್ಬ ಶಿಕ್ಷಕ ಕೆಲಸದಲ್ಲಿರಬೇಕೆ ಎಂಬುದನ್ನು ಅವನ ಪಾಠ ನೋಡಿ ಹೇಳಬೇಕೇ ಹೊರತು ಲಕ್ಷಾಂತರ ಅಪರಿಚಿತರ ಮತ ಎಣಿಸಿ ಅಲ್ಲ. ಆದರೆ ಮತ ಕೇಳುವುದನ್ನೇ ತಪ್ಪೆಂದು ದೂರ ಉಳಿದರೆ ಸೋಲು ಖಚಿತ. ಮೂರು ಸಲ ಸೋತು ಮತದ ಲೆಕ್ಕ ಕಲಿತಿದ್ದ ಮಿಲ್ಕ್ ಕಣಕ್ಕಿಳಿದರು. ವಿಶ್ವವಿದ್ಯಾಲಯದ ಅಧ್ಯಾಪಕಿ ಸ್ಯಾಲಿ ಗೇರ್‌ಹಾರ್ಟ್ ಜೊತೆಗೂಡಿ ಬ್ರಿಗ್ಸ್ ಎದುರು ಚರ್ಚಾವೇದಿಕೆ ಏರಿದರು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಬಹುಪಾಲು ಎಸಗುವವರು ಯಾರೆಂಬ ಅಂಕಿಅಂಶಗಳನ್ನು ಮುಂದಿಟ್ಟರು. ಜೂನ್ 25ರ ಬೃಹತ್ ಮೆರವಣಿಗೆಯಲ್ಲಿ ಮಾತ್ರವಲ್ಲ, ಹೋದಲ್ಲೆಲ್ಲ ಅವರು ತಮ್ಮವರಿಂದ ಬಯಸಿದ್ದು ಒಂದೇ: ತಂದೆತಾಯಿಗೆ, ನೆರೆಯವರಿಗೆ, ಸಹೋದ್ಯೋಗಿಗಳಿಗೆ ತಾವು ಯಾರೆಂಬುದನ್ನು ಹೇಳಿಬಿಡಬೇಕು. ತಮಗೆ ಪರಿಚಿತನಾದ ಒಬ್ಬನ ವಿರುದ್ಧ ಮತ ಹಾಕುವುದು ಜನರಿಗೆ ಕಷ್ಟವೆಂಬುದು ಅವರ ಲೆಕ್ಕ. ಆದರೆ ಇದರ ಬೆಲೆ ತೆರಬೇಕಾದವರು ಯಾರು? ಮನೆಯಿಂದ ಹೊರಹಾಕಿಸಿಕೊಂಡ ಮಗ, ಕೆಲಸ ಕಳೆದುಕೊಂಡ ಮಗಳು. ಬಹುಸಂಖ್ಯಾತರ ಮನ ಗೆಲ್ಲುವ ಹೊರೆಯನ್ನು ಅಲ್ಪಸಂಖ್ಯಾತರ ಮೇಲೆಯೇ ಹೊರಿಸುವ ಈ ಅನ್ಯಾಯ ಮಿಲ್ಕ್ ಸೃಷ್ಟಿಸಿದ್ದಲ್ಲ, ಮತದಾನದ ಏರ್ಪಾಡಿನಲ್ಲೇ ಅಡಗಿದ್ದು.

ಗೆಲುವಿಗೆ ಇನ್ನೊಂದು ಕಾರಣವನ್ನೂ ಮರೆಯುವಂತಿಲ್ಲ. ಪ್ರಸ್ತಾವದ ಭಾಷೆ ತೀರ ಸಡಿಲವಾಗಿತ್ತು. ಸಲಿಂಗಕಾಮಿಗಳ ಪರವಾಗಿ ಬಹಿರಂಗವಾಗಿ ಮಾತಾಡಿದ ಯಾವ ಶಿಕ್ಷಕನನ್ನೂ, ಆತ ಹೆಂಡತಿ ಮಕ್ಕಳೊಂದಿಗ ಸಂಸಾರಿಯೇ ಆಗಿದ್ದರೂ, ಮನೆಗೆ ಕಳುಹಿಸಬಹುದಾಗಿತ್ತು. ಅಧ್ಯಕ್ಷ ಪದವಿಯ ಮೇಲೆ ಕಣ್ಣಿಟ್ಟಿದ್ದ ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಇದನ್ನು ವಿರೋಧಿಸಿದರು. ಕಡಿಮೆ ಅಂಕ ಪಡೆದ ಹುಡುಗನ ಒಂದು ದೂರು ಶಿಕ್ಷಕನ ಬಾಳನ್ನೇ ಹಾಳುಮಾಡಬಹುದೆಂಬುದು ಅವರ ಆತಂಕ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ವಿರೋಧಿಸಿದರು. ಅಂತಿಮವಾಗಿ ಶೇ. 58ಕ್ಕೂ ಹೆಚ್ಚು ಮತದಾರರು ಇಲ್ಲವೆಂದರು. ಬ್ರಿಗ್ಸ್ ಅವರ ಆರೆಂಜ್ ಕೌಂಟಿಯಲ್ಲೂ ಪ್ರಸ್ತಾವ ಸೋತಿತು. ಬಿಗಿಯಾದ ಭಾಷೆಯಲ್ಲಿ ಸಲಿಂಗಕಾಮಿಗಳನ್ನಷ್ಟೇ ಗುರಿಮಾಡಿದ್ದರೆ ಫಲಿತಾಂಶ ಏನಾಗುತ್ತಿತ್ತೋ ಎಂಬ ಅನುಮಾನ ಈ ಲೇಖಕನಿಗಂತೂ ಉಳಿದಿದೆ.

ಗೆದ್ದ ಸಂತೋಷ ಇಪ್ಪತ್ತು ದಿನವಷ್ಟೇ. ನಗರಾಡಳಿತ ಮಂಡಳಿಯಲ್ಲಿ ಮಿಲ್ಕ್ ಅವರ ಸಹಸದಸ್ಯನಾಗಿದ್ದ ಡ್ಯಾನ್ ವೈಟ್, ಅವರು ತಂದ ತಾರತಮ್ಯ ವಿರೋಧಿ ನಿಯಮಕ್ಕೆ ವಿರುದ್ಧ ಮತ ಹಾಕಿದ್ದ ಏಕೈಕ ಸದಸ್ಯ. ರಾಜೀನಾಮೆ ಕೊಟ್ಟು, ಮನಸ್ಸು ಬದಲಿಸಿ ಸ್ಥಾನ ಮರಳಿ ಬೇಡಿದ್ದ. ನವೆಂಬರ್ 27ರಂದು ನೆಲಮಾಳಿಗೆಯ ಕಿಟಕಿಯಿಂದ ನಗರಸಭಾ ಭವನಕ್ಕೆ ನುಸುಳಿ ಮೇಯರ್ ಜಾರ್ಜ್ ಮಾಸ್ಕೋನಿಯನ್ನೂ ಬಳಿಕ ಮಿಲ್ಕ್‌ರನ್ನೂ ಗುಂಡಿಟ್ಟು ಕೊಂದ. ಮಿಲ್ಕ್‌ಗೆ ಆಗ 48 ವರ್ಷ. ತಮಗೆ ಇಂಥ ಸಾವು ಬರಬಹುದೆಂದು ಶಂಕಿಸಿ ಅವರು ವರ್ಷದ ಮೊದಲೇ ಧ್ವನಿಸುರುಳಿಯಲ್ಲಿ ತಮ್ಮ ಇಚ್ಛೆಗಳನ್ನು ದಾಖಲಿಸಿಟ್ಟಿದ್ದರು.

ಬ್ರಿಗ್ಸ್ ಅವರ ಇನ್ನೊಂದು ಪ್ರಸ್ತಾವ, ಮರಣದಂಡನೆಯ ವ್ಯಾಪ್ತಿಯನ್ನು ಹಿಗ್ಗಿಸುವಂಥದ್ದು, ನವೆಂಬರ್ 7ರಂದೇ ಭಾರಿ ಬಹುಮತದಿಂದ ಗೆದ್ದಿತ್ತು. ಚುನಾಯಿತ ಪ್ರತಿನಿಧಿಗಳನ್ನು ಕೊಂದ ವೈಟ್‌ಗೆ ಆ ಹೊಸ ಕಾನೂನಿನಡಿ ಮರಣದಂಡನೆಯೇ ಆಗಬಹುದಿತ್ತು. 1979ರ ಮೇ 21ರಂದು ತೀರ್ಪುಗಾರರ ಮಂಡಳಿ ಅದನ್ನು ಕೊಲೆಯೆಂದೇ ಒಪ್ಪದೆ, ಲಘುವಾದ ನರಹತ್ಯೆಯ ಅಪರಾಧವೆಂದಿತು. ಏಳು ವರ್ಷ ಎಂಟು ತಿಂಗಳ ಸಜೆಯಾಯಿತು. ಆ ರಾತ್ರಿ ನಗರ ಹೊತ್ತಿ ಉರಿಯಿತು.

ಶಿಕ್ಷಕರ ಪ್ರಶ್ನೆ ಮುಗಿದರೂ ಮತಪತ್ರ ಮಿಲ್ಕ್ ಅವರ ಜನರನ್ನು ಬಿಡಲಿಲ್ಲ. ಸಲಿಂಗ ವಿವಾಹ ಮಾನ್ಯವಲ್ಲವೆಂದು 2000ದಲ್ಲಿ ಕ್ಯಾಲಿಫೋರ್ನಿಯಾದ ಶೇ. 61 ಮತದಾರರು ಹೇಳಿದರು. ರಾಜ್ಯದ ಸುಪ್ರೀಂ ಕೋರ್ಟು 2008ರ ಮೇನಲ್ಲಿ ಅದನ್ನು ತಳ್ಳಿಹಾಕಿ ಮದುವೆಗೆ ಅವಕಾಶ ಕೊಟ್ಟಿತು. ಸುಮಾರು 18 ಸಾವಿರ ಜೋಡಿಗಳು ಮದುವೆಯಾದವು. ಅದೇ ನವೆಂಬರ್ 4ರಂದು ಎಂಟನೆಯ ಪ್ರಸ್ತಾವ ಶೇ. 52 ಮತಗಳಿಂದ ಗೆದ್ದು ಸಂವಿಧಾನದಲ್ಲೇ ನಿಷೇಧ ಬರೆಯಿತು. ಮಿಲ್ಕ್ ಜೀವನ ಆಧರಿಸಿದ ಚಲನಚಿತ್ರ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೊದಲ ಪ್ರದರ್ಶನ ಕಂಡದ್ದು ಅದಕ್ಕೆ ಒಂದು ವಾರ ಮುಂಚೆ. ನಿಷೇಧ 2013ರಲ್ಲಿ ನ್ಯಾಯಾಲಯದ ತೀರ್ಪಿನಿಂದ ನಿಂತುಹೋಯಿತು. ಆದರೂ ಆ ಸಾಲು ರಾಜ್ಯದ ಸಂವಿಧಾನದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಅಳಿಸಲು 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಮತದಾನ ನಡೆಯಬೇಕಾಯಿತು. ಶೇ. 62ಕ್ಕೂ ಹೆಚ್ಚು ಮಂದಿ ಅಳಿಸಿ ಎಂದರು; ಉಳಿದವರು ಬೇಡವೆಂದರು.