ಮಳೆಗೆ ಲೆಕ್ಕ ಕಟ್ಟಿದ ಗಿಲ್ಬರ್ಟ್ ವಾಕರ್

ಈ ವರ್ಷ ಮಳೆ ಹೇಗೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಯುಗಾದಿಯ ಪಂಚಾಂಗದಲ್ಲಿ ಉತ್ತರ ಹುಡುಕುತ್ತಿದ್ದರು. ಅದೇ ಪ್ರಶ್ನೆಗೆ ಅಂಕಿ ಅಂಶಗಳ ಮೂಲಕ ಉತ್ತರ ಹುಡುಕಲು ಭಾರತದಲ್ಲಿ ಇಪ್ಪತ್ತು ವರ್ಷ ದುಡಿದವರು ಸರ್ ಗಿಲ್ಬರ್ಟ್ ವಾಕರ್. ಅವರು ಕಂಡುಕೊಂಡ ಸಂಗತಿ ಇಂದು ದೂರದ ಆಸ್ಟ್ರೇಲಿಯಾದ ದ್ರಾಕ್ಷಿ ಬೆಳೆಗಾರರಿಗೂ ನೆರವಾಗುತ್ತಿದೆ.

ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ. ಕೇಂಬ್ರಿಜ್‌ನಲ್ಲಿ ಓದಿ 1889ರಲ್ಲಿ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು. ಎಸೆದವರ ಬಳಿಗೇ ತಿರುಗಿ ಬರುವ ಬೂಮರಾಂಗ್ ಎಂಬ ಬಾಗಿದ ಕೋಲಿನ ಹಾರಾಟವನ್ನು ಲೆಕ್ಕದಿಂದ ವಿವರಿಸಿ ಹೆಸರಾದರು. ಹವಾಮಾನ ಶಾಸ್ತ್ರದಲ್ಲಿ ಅನುಭವವಿರಲಿಲ್ಲ. ಆದರೂ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಹೊಣೆ ಅವರಿಗೆ ಬಂತು.

ಬರ ತಂದ ಪ್ರಶ್ನೆ

1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಬಹುದೇ ಎಂದು ಸರ್ಕಾರ ಕೇಳಿತು. ಇಲಾಖೆಯ ಮೊದಲ ಅಧಿಕಾರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮದ ಪ್ರಮಾಣ ನೋಡಿ 1880ರ ದಶಕದಲ್ಲಿ ಮುನ್ಸೂಚನೆ ಆರಂಭಿಸಿದರು. ಆದರೆ 1899ರಲ್ಲಿ ಒಳ್ಳೆಯ ಮಳೆಯ ಭರವಸೆ ಹುಸಿಯಾಗಿ ಭೀಕರ ಬರ ಬಂತು. ಮುನ್ಸೂಚನೆಯ ಮೇಲಿನ ನಂಬಿಕೆ ಕುಸಿಯಿತು.

ಇಂಥ ಹೊತ್ತಿನಲ್ಲಿ ಬಂದ ವಾಕರ್, ಊಹೆಗಿಂತ ದಾಖಲೆ ಲೇಸೆಂದರು. ಪ್ರಪಂಚದ ಹಲವು ಊರುಗಳ ಗಾಳಿಯೊತ್ತಡ, ಉಷ್ಣಾಂಶ, ಮಳೆಯ ದಾಖಲೆಗಳನ್ನು ತರಿಸಿ ಒಂದಕ್ಕೊಂದು ಹೋಲಿಸಿದರು. ಗಣಕಯಂತ್ರಗಳಿಲ್ಲದ ಕಾಲವದು. ಇಲಾಖೆಯ ಭಾರತೀಯ ಗುಮಾಸ್ತರು ವರ್ಷಗಟ್ಟಲೆ ಕೈಯಿಂದಲೇ ಲೆಕ್ಕ ಮಾಡಿದರು.

ಸಾಗರದ ಏತ

1920ರ ದಶಕದಲ್ಲಿ ಒಂದು ದೊಡ್ಡ ಸಂಗತಿ ಹೊರಬಿತ್ತು. ಪೆಸಿಫಿಕ್ ಸಾಗರದ ಮೇಲೆ ಗಾಳಿಯೊತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ; ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಬಾವಿಯ ಏತದ ಮರದಂತೆ ಒಂದು ತುದಿ ಮೇಲಾದರೆ ಇನ್ನೊಂದು ಕೆಳಗೆ. ಇದಕ್ಕೆ ವಾಕರ್ ದಕ್ಷಿಣದ ತೂಗಾಟ ಎಂಬರ್ಥದ ಹೆಸರಿಟ್ಟರು. ಒತ್ತಡ ಹೆಚ್ಚಿದ ಕಡೆ ಸಾಮಾನ್ಯವಾಗಿ ಮಳೆ ಕಡಿಮೆ.

ಆದರೂ ಮುಂಗಾರಿನ ಗುಟ್ಟು ಪೂರ್ತಿ ಬಿಡಿಸಲಾಗಲಿಲ್ಲ. ಅವರು ಆರಿಸಿದ ಕೆಲವು ಸೂಚಕಗಳು ಮುಂದೆ ಬಲ ಕಳೆದುಕೊಂಡವು. ಸೂಚನೆಗಳು ಸ್ಪಷ್ಟವಾಗಿದ್ದಾಗ ಮಾತ್ರ ಮುನ್ಸೂಚನೆ ಕೊಡಬೇಕೆಂಬುದು ಅವರ ನಿಲುವಾಗಿತ್ತು. 1924ರಲ್ಲಿ ಭಾರತದಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ಹತ್ತು ವರ್ಷ ಪ್ರಾಧ್ಯಾಪಕರಾಗಿದ್ದರು. 1958ರ ನವೆಂಬರ್ 4ರಂದು ತೀರಿಕೊಂಡರು. ಪೆಸಿಫಿಕ್ ನೀರು ಕಾಯುವ ಎಲ್ ನಿನೋ ಮತ್ತು ಈ ತೂಗಾಟ ಒಂದೇ ವ್ಯವಸ್ಥೆಯ ಎರಡು ಮುಖಗಳೆಂದು ಬ್ಯರ್ಕ್‌ನೆಸ್ ಎಂಬ ವಿಜ್ಞಾನಿ 1969ರಲ್ಲಿ ವಿವರಿಸಿದರು. ಅಲ್ಲಿನ ಗಾಳಿಯ ಸುತ್ತಾಟಕ್ಕೆ ವಾಕರ್ ಅವರ ಹೆಸರನ್ನೇ ಇಟ್ಟರು.

ದ್ರಾಕ್ಷಿ ತೋಟಕ್ಕೆ ಬಂದ ಲಾಭ

ರಾಗಿ, ಜೋಳವಾದರೆ ಮಳೆ ನೋಡಿ ತಳಿ ಬದಲಿಸಬಹುದು. ದ್ರಾಕ್ಷಿ ಬಳ್ಳಿ ಒಮ್ಮೆ ನೆಟ್ಟರೆ ಹತ್ತಾರು ವರ್ಷ ಅಲ್ಲೇ ಇರಬೇಕು. ಆದ್ದರಿಂದ ಹಂಗಾಮಿನ ಮುನ್ನೋಟ ಅಲ್ಲಿ ಬಹಳ ಬೆಲೆಯುಳ್ಳದ್ದು. ಆಗ್ನೇಯ ಆಸ್ಟ್ರೇಲಿಯಾದಲ್ಲಿ ಎಲ್ ನಿನೋ ಬಂದರೆ ಸಾಮಾನ್ಯವಾಗಿ ಚಳಿಗಾಲ, ವಸಂತದ ಮಳೆ ಕುಗ್ಗುತ್ತದೆ. ಬೆಳೆಗಾರ ನೀರಿನ ಏರ್ಪಾಟು ಮೊದಲೇ ಮಾಡಿಕೊಳ್ಳಬಹುದು. ನೀರು ತಣಿಯುವ ಲಾ ನಿನಾ ಬಂದರೆ ಮಳೆ ಹೆಚ್ಚು. 2010-11ರ ಬಲವಾದ ಲಾ ನಿನಾ ಹಂಗಾಮಿನಲ್ಲಿ ಅಲ್ಲಿನ ವೈನ್ ದ್ರಾಕ್ಷಿಗೆ ಡೌನಿ ರೋಗ ಬಿದ್ದು ಭಾರಿ ನಷ್ಟವಾಯಿತು. ಯುರೋಪಿನಲ್ಲೂ 2017ರಿಂದ 2022ರವರೆಗೆ ಮೆಡ್-ಗೋಲ್ಡ್ ಎಂಬ ಯೋಜನೆ ನಡೆಯಿತು. ಪೋರ್ಚುಗಲ್ಲಿನ ವೈನ್ ದ್ರಾಕ್ಷಿಗೆ ವಸಂತದ ಮಳೆ, ಬೇಸಿಗೆಯ ಬಿಸಿಲಿನ ಮುನ್ಸೂಚನೆಯನ್ನು ಔಷಧಿ ದಾಸ್ತಾನು, ಕೂಲಿಯಾಳು, ಕೊಯ್ಲಿನ ತೀರ್ಮಾನಗಳಿಗೆ ಹೊಂದಿಸುವ ಪ್ರಯತ್ನ ಅದು.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೂ ಅಕ್ಟೋಬರ್ ಚಾಟ್ನಿಯ ನಂತರದ ಅಕಾಲ ಮಳೆ, ಡೌನಿ ರೋಗ ಹೊಸದಲ್ಲ. ಹಂಗಾಮಿನ ಮುನ್ಸೂಚನೆ ಎಂದರೆ ಸಾಧ್ಯತೆಯ ಲೆಕ್ಕ, ದೈವವಾಣಿಯಲ್ಲ. ಹತ್ತು ವರ್ಷಕ್ಕೆ ಏಳು ಬಾರಿ ನಿಜವಾದರೂ ಮೂರು ಬಾರಿ ತಪ್ಪೀತು. ಆದ್ದರಿಂದ ಅದನ್ನು ಔಷಧಿ, ನೀರು, ಸಾಲದ ಸಿದ್ಧತೆಗೆ ಬಳಸಿರಿ. ಚಾಟ್ನಿಯ ದಿನ, ಸಿಂಪರಣೆಯ ದಿನ ಗೊತ್ತುಮಾಡಲು ಹವಾಮಾನ ಇಲಾಖೆಯ ಐದು ದಿನಗಳ ಮುನ್ಸೂಚನೆ ನೋಡಿರಿ. ನಿಮ್ಮ ತೋಟದ ಮಳೆಯನ್ನು ದಿನವೂ ಬರೆದಿಡಿರಿ. ವಾಕರ್ ಅವರ ಕೆಲಸವೆಲ್ಲ ನಿಂತದ್ದು ಇಂಥ ದಾಖಲೆಗಳ ಮೇಲೆಯೇ.