ಡಾಗ್ ಹ್ಯಾಮರ್‌ಷೋಲ್ಡ್: ಬಾಯಿಬಿಟ್ಟು ಹೇಳದ ಪ್ರಾರ್ಥನೆಗಳು

ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ನಮ್ಮ ಹುಡುಗರಿಗೆ ಸ್ಯಾಂಡ್‌ವಿಕ್ ಅನ್ನುವ ಹೆಸರು ಹೊಸದಲ್ಲ. ಲೋಹ ಕತ್ತರಿಸುವ ಟೂಲ್‌ಗಳ ಡಬ್ಬಿ ಮೇಲೆ ಇರುವುದು ಅದೇ ಹೆಸರು. ಆ ಕಂಪನಿ ಹುಟ್ಟಿದ್ದು ಸ್ವೀಡನ್‌ನ ಸ್ಯಾಂಡ್‌ವಿಕೆನ್‌ನಲ್ಲಿ. 1862ರಲ್ಲಿ ಶುರುವಾದ ಉಕ್ಕಿನ ಕಾರ್ಖಾನೆಯ ಸುತ್ತಲೇ ಬೆಳೆದ ಊರು ಅದು. ನನ್ನ ಅಕ್ಕನ ಮಗ ಅಲ್ಲಿ ಇಂಜಿನಿಯರ್. ಹೋದ ವರ್ಷ ಜೂನ್ ರಜೆಯಲ್ಲಿ ದುಬೈನಿಂದ ಅವನ ಮನೆಗೆ ಹೋಗಿದ್ದೆವು. ರಾತ್ರಿ ಹತ್ತಾದರೂ ಬೆಳಕಿರುವ ಕಾಲ. ಒಂದು ದಿನ ಅವನು ನಮ್ಮನ್ನು ರೈಲಿನಲ್ಲಿ ದಕ್ಷಿಣಕ್ಕೆ ಉಪ್ಸಾಲಾ ನಗರಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಹಳೆಯ ಸ್ಮಶಾನದಲ್ಲಿ ಒಂದು ಸಮಾಧಿ ತೋರಿಸಿದ. ವಿಶ್ವಸಂಸ್ಥೆಯ ಎರಡನೇ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅವರದು.

ಶಾಲೆಯಲ್ಲಿ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಹೆಸರು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಈ ಮನುಷ್ಯ ನನಗೆ ಹತ್ತಿರದವರಾದರು. ಕಾರಣ ಕೊನೆಗೆ ಹೇಳುತ್ತೇನೆ.

ಅವರು ಹುಟ್ಟಿದ್ದು 1905ರ ಜುಲೈ 29ರಂದು, ಯೋನ್‌ಶೋಪಿಂಗ್ ಎಂಬ ಊರಿನಲ್ಲಿ. ನಾಲ್ವರು ಗಂಡುಮಕ್ಕಳಲ್ಲಿ ಕೊನೆಯವರು. ತಂದೆ ಯಾಲ್ಮರ್ ಒಂದನೇ ಮಹಾಯುದ್ಧದ ಕಾಲದಲ್ಲಿ ಸ್ವೀಡನ್‌ನ ಪ್ರಧಾನಿ, ಉಪ್ಸಾಲಾ ಪ್ರಾಂತ್ಯದ ಗವರ್ನರ್ ಕೂಡ. ಹೀಗಾಗಿ ಹುಡುಗ ಬೆಳೆದದ್ದು ಉಪ್ಸಾಲಾದ ಕೋಟೆಯಂಥ ಅರಮನೆಯಲ್ಲಿ. ತಂದೆ ಬಿಗಿ ಸ್ವಭಾವದವರು, ತಾಯಿ ಆಗ್ನೆಸ್ ದೈವಭಕ್ತೆ, ಎಲ್ಲರೊಂದಿಗೂ ಮನಸ್ಸು ಬಿಚ್ಚಿ ಬೆರೆಯುವವರು. ಕರ್ತವ್ಯ ಅಪ್ಪನಿಂದ ಬಂತು, ಭಕ್ತಿ ಅಮ್ಮನಿಂದ ಬಂತು ಎನ್ನಬಹುದು.

ಓದಿದ್ದು ಅರ್ಥಶಾಸ್ತ್ರ ಮತ್ತು ಕಾನೂನು. 1936ರಲ್ಲಿ, ಮೂವತ್ತೊಂದರ ಹರೆಯಕ್ಕೆ, ಹಣಕಾಸು ಇಲಾಖೆಯ ಕಾರ್ಯದರ್ಶಿ. ಮುಂದೆ ಸ್ವೀಡನ್‌ನ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಯ ಅಧ್ಯಕ್ಷ. ಒಟ್ಟಿನಲ್ಲಿ ಅಂಕಿಸಂಖ್ಯೆಯ ಮನುಷ್ಯ, ನಮ್ಮ ಜಾತಿಯವರೇ ಅನ್ನಿ! ಮದುವೆಯಾಗಲಿಲ್ಲ. ಬಿಡುವಿದ್ದಾಗ ಬೆಟ್ಟ ಹತ್ತುವುದು, ಕಾವ್ಯ ಓದುವುದು, ಇಷ್ಟೇ.

1953ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಗೆ ಅವರ ಹೆಸರು ಆಯ್ಕೆಯಾಯಿತು. ಸುದ್ದಿ ತಿಳಿದಾಗ ಏಪ್ರಿಲ್ ಒಂದರ ತಮಾಷೆ ಇರಬೇಕು ಅಂದುಕೊಂಡರಂತೆ. ಸದ್ದಿಲ್ಲದೆ ಫೈಲು ನೋಡಿಕೊಂಡಿರುವ ಅಧಿಕಾರಿ ಎಂದು ದೊಡ್ಡ ದೇಶಗಳು ಲೆಕ್ಕ ಹಾಕಿದ್ದವು. ಆ ಲೆಕ್ಕ ತಪ್ಪಿತು. 1955ರ ಜನವರಿಯಲ್ಲಿ ತಾವೇ ಪೀಕಿಂಗ್‌ಗೆ ಹೋಗಿ, ಚೀನಾದಲ್ಲಿ ಸೆರೆಯಲ್ಲಿದ್ದ 11 ಅಮೆರಿಕನ್ ವೈಮಾನಿಕರ ಬಗ್ಗೆ ಚೌ ಎನ್‌ಲಾಯ್ ಜೊತೆ ಮಾತಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಅವರ ಬಿಡುಗಡೆಯಾಯಿತು. 1956ರಲ್ಲಿ ಸುಯೆಜ್ ಕಾಲುವೆಯ ಯುದ್ಧ ಹೊತ್ತಿಕೊಂಡಾಗ ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ಮೊದಲ ಶಾಂತಿಪಡೆಯನ್ನು ಕಟ್ಟಿದರು. ಭಾರತವೂ ಸೈನಿಕರನ್ನು ಕಳಿಸಿತ್ತು. ಅದೇ ದಾರಿಯಲ್ಲಿ ಮುಂದೆ 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಯನ್ನು ಮುನ್ನಡೆಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.

ಇಷ್ಟೆಲ್ಲ ಗದ್ದಲದ ನಡುವೆ ಅವರು ಒಂದು ಸಣ್ಣ ಕೆಲಸಕ್ಕೆ ಬಹಳ ಮನಸ್ಸಿಟ್ಟರು. ನ್ಯೂಯಾರ್ಕ್‌ನ ಕೇಂದ್ರ ಕಚೇರಿಯಲ್ಲಿ ಒಂದು ಮೌನದ ಕೋಣೆ. 1957ರಲ್ಲಿ ಅದು ಸಿದ್ಧವಾಯಿತು. ಒಳಗೆ ಶಿಲುಬೆಯಿಲ್ಲ, ವಿಗ್ರಹವಿಲ್ಲ, ಯಾವ ಧರ್ಮದ ಗುರುತೂ ಇಲ್ಲ. ನಡುವೆ ಸ್ವೀಡನ್‌ನಿಂದ ತಂದ ಆರೂವರೆ ಟನ್ ತೂಕದ ಕಬ್ಬಿಣದ ಅದಿರಿನ ಬಂಡೆ, ಅದರ ಮೇಲೆ ಬೀಳುವ ಒಂದೇ ಒಂದು ಬೆಳಕು. ಕಬ್ಬಿಣದಿಂದ ಕತ್ತಿಯೂ ಆಗುತ್ತದೆ, ನೇಗಿಲೂ ಆಗುತ್ತದೆ ಅನ್ನುವುದನ್ನು ನೆನಪಿಸಲಿಕ್ಕೆ. ಹೋಗಿ ಕೂತವರು ಬಾಯಲ್ಲಿ ಏನೂ ಹೇಳಬೇಕಾಗಿಲ್ಲ.

ಅವರಿಗೆ ಈ ಕೋಣೆ ಯಾಕೆ ಬೇಕಾಗಿತ್ತು ಎಂದು ಜನಕ್ಕೆ ಸರಿಯಾಗಿ ಅರ್ಥವಾದದ್ದು ಅವರು ಹೋದ ಮೇಲೆ. 1960ರಲ್ಲಿ ಕಾಂಗೋ ದೇಶ ಸ್ವತಂತ್ರವಾದ ಬೆನ್ನಿಗೇ ಒಳಜಗಳ ಶುರುವಾಗಿತ್ತು. ಸೋವಿಯತ್ ನಾಯಕ ಕ್ರುಶ್ಚೇವ್ ಸಭೆಯಲ್ಲೇ ಅವರ ರಾಜೀನಾಮೆ ಕೇಳಿದರು. ಸಣ್ಣ ದೇಶಗಳಿಗೆ ಈ ಸಂಸ್ಥೆ ಬೇಕು ಎಂದು ಹೇಳಿ ಇವರು ಕುರ್ಚಿ ಬಿಡಲಿಲ್ಲ. 1961ರ ಸೆಪ್ಟೆಂಬರ್ 17ರ ರಾತ್ರಿ ಕದನವಿರಾಮದ ಮಾತುಕತೆಗೆ ಹೊರಟ ವಿಮಾನ ಇಂದಿನ ಜಾಂಬಿಯಾದ ಎನ್‌ಡೋಲಾ ಹತ್ತಿರ ಕಾಡಿಗೆ ಬಿತ್ತು. ಅದರಲ್ಲಿದ್ದ 16 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಹ್ಯಾಮರ್‌ಷೋಲ್ಡ್‌ಗೆ ಆಗ 56 ವರ್ಷ. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಅವರ ಮರಣದ ನಂತರ ಬಂತು.

ನ್ಯೂಯಾರ್ಕ್‌ನ ಅವರ ಮನೆಯಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. ಜೊತೆಗೆ ಸ್ವೀಡನ್‌ನ ಗೆಳೆಯನ ಹೆಸರಿಗೆ ಒಂದು ಪತ್ರ. ತನ್ನೊಂದಿಗೂ ದೇವರೊಂದಿಗೂ ನಡೆಸಿದ ವ್ಯವಹಾರದ ದಾಖಲೆ ಇದು ಎಂಬ ಅರ್ಥದಲ್ಲಿ ಬರೆದಿದ್ದರು. ಇಪ್ಪತ್ತರ ಹರೆಯದಿಂದ ಕೊನೆಯ ತಿಂಗಳುಗಳವರೆಗಿನ ಟಿಪ್ಪಣಿಗಳು. ಅದರಲ್ಲಿ ಹುದ್ದೆಯ ಬಗ್ಗೆ, ಭೇಟಿಯಾದ ದೊಡ್ಡವರ ಬಗ್ಗೆ ನೇರ ಮಾತೇ ಇಲ್ಲ. ಇರುವುದು ಒಂಟಿತನ, ಸಾವಿನ ಯೋಚನೆ, ತನ್ನ ಅಹಂಕಾರದ ತಪಾಸಣೆ, ಪ್ರಾರ್ಥನೆ. ರೇಡಿಯೊದಲ್ಲಿ ಒಮ್ಮೆ ನಂಬಿಕೆಯ ಬಗ್ಗೆ ಚಿಕ್ಕದಾಗಿ ಮಾತಾಡಿದ್ದುಂಟು. ಆದರೆ ಒಳಗೆ ಇಷ್ಟಿದೆ ಎಂದು ದಿನಾ ಜೊತೆಗೆ ಕೆಲಸ ಮಾಡಿದವರಿಗೂ ಗೊತ್ತಿರಲಿಲ್ಲ. ಪುಸ್ತಕ 1963ರಲ್ಲಿ ಅಚ್ಚಾಯಿತು.

ಈಗ ನನ್ನ ಕಾರಣ. ಕೆಲವು ವರ್ಷಗಳ ಹಿಂದೆ ಅಮ್ಮ ಊರಿನಲ್ಲಿ ಐಸಿಯು ಸೇರಿದಾಗ ನಾನಿಲ್ಲಿ ವರ್ಷಾಂತ್ಯದ ಲೆಕ್ಕದಲ್ಲಿದ್ದೆ. ಟಿಕೆಟ್ ಸಿಕ್ಕಿದ್ದು ಮರುದಿನ ಬೆಳಿಗ್ಗೆಗೆ. ರಾತ್ರಿ ಪಾರ್ಕಿಂಗ್‌ನಲ್ಲಿ ಕಾರೊಳಗೆ ಕೂತು ಪ್ರಾರ್ಥನೆ ಮಾಡಲು ಹೋದರೆ ಒಂದು ಶಬ್ದವೂ ಬರಲಿಲ್ಲ. ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ. ನಾನು ಮುಟ್ಟುವ ಮೊದಲೇ ಅಮ್ಮ ಹೋಗಿದ್ದಳು. ಅವತ್ತು ನಾಲ್ಕು ಮಾತು ಬೇಡಿಕೊಂಡಿದ್ದರೆ ಅನ್ನುವ ಕೊರಗು ನನ್ನನ್ನು ಬಹಳ ಕಾಲ ಬಿಡಲಿಲ್ಲ.

ಹ್ಯಾಮರ್‌ಷೋಲ್ಡ್ ಬದುಕು ಓದಿದ ಮೇಲೆ ಅದು ಸ್ವಲ್ಪ ಇಳಿಯಿತು. ಬೇಡಿದ್ದೆಲ್ಲ ಸಿಗುತ್ತದೆ ಅಂತ ಅವರ ಬದುಕು ಹೇಳುವುದಿಲ್ಲ, ಅವರ ವಿಮಾನವೂ ಬಿತ್ತಲ್ಲ. ಆದರೆ ಯಾರಿಗೂ ಕೇಳಿಸದ್ದನ್ನು ಕೇಳುವವನೊಬ್ಬನಿದ್ದಾನೆ ಎಂದು ನಂಬಿ ಮನುಷ್ಯ ಬೆಳಿಗ್ಗೆ ಎದ್ದು ತನ್ನ ಕೆಲಸಕ್ಕೆ ಹೋಗಬಹುದು. ಅಮ್ಮನೂ ಹಾಗೆಯೇ ಇದ್ದಳು. ದೇವಸ್ಥಾನದಲ್ಲಿ ಕೈಮುಗಿದು ನಿಂತು ಬರುತ್ತಿದ್ದಳು, ಏನು ಬೇಡಿದೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು.

ನಮ್ಮಲ್ಲಿ ಎಷ್ಟೋ ಮಂದಿ ಊರಿಗೆ ಫೋನ್ ಮಾಡಿ ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿ ಇಡುತ್ತೇವೆ. ಉಳಿದದ್ದು ಬಂಕ್ ಬೆಡ್ಡಿನ ಮೇಲೆ ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದಾಗ ಒಳಗೇ ಇರುತ್ತದೆ. ಅದನ್ನು ದುವಾ ಅನ್ನಿ, ಪ್ರಾರ್ಥನೆ ಅನ್ನಿ. ಶಬ್ದ ಸಿಗಲಿಲ್ಲ ಅಂತ ಅದು ಲೆಕ್ಕದಿಂದ ಬಿಟ್ಟುಹೋಗಿದೆ ಎಂದು ನಾನೀಗ ನಂಬುವುದಿಲ್ಲ.